ಹಾವಿನ ನರವಿಷವೂ ನಮ್ಮ ಸ್ನಾಯುಗಳೂ

ಬಾಗಲಗುಂಟೆ ಈಗ ಹಳ್ಳಿಯಲ್ಲ. ಬೆಂಗಳೂರು ಅದನ್ನು ಒಳಗುಮಾಡಿಕೊಂಡು ವರ್ಷಗಳಾದುವು. ಆದರೂ ಇಲಿಗಳಿದ್ದ ಕಡೆ ಹಾವು ಬರುವುದು ತಪ್ಪದು. ಖಾಲಿ ನಿವೇಶನದ ಕಲ್ಲುರಾಶಿಯಿಂದ ನಾಗರಹಾವೊಂದು ಹೊರಬಂದರೆ ಸೋಜಿಗಪಡಬೇಕಾದುದಿಲ್ಲ. ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತವನ್ನು ಕೆಡಿಸುವುದು. ಅದನ್ನು ಇಲ್ಲಿ ಬಿಟ್ಟುಬಿಡೋಣ. ನಾಗರಹಾವು, ಕಟ್ಟುಹಾವುಗಳದು ನರವಿಷ.

ನಾವು ಕೈಯೆತ್ತಲು ಬಯಸಿದಾಗ ಮಿದುಳಿನ ಆಜ್ಞೆಯು ನರತಂತುವಿನಲ್ಲಿ ವಿದ್ಯುತ್ತಿನ ಅಲೆಯಾಗಿ ಹರಿದುಬರುವುದು. ಆದರೆ ನರದ ತುದಿ ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ತೆರಪೊಂದಿದೆ. ಅಲೆ ಬಂದೊಡನೆ ನರದ ತುದಿಯು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ತೆರಪಿಗೆ ಚೆಲ್ಲುವುದು. ಅದು ಸ್ನಾಯುವಿನ ಮೇಲಿರುವ ಗ್ರಾಹಕಗಳನ್ನು ಮುಟ್ಟಿದರೆ ಸ್ನಾಯು ಸಂಕುಚಿಸುವುದು. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುವುದು.

ನಾಗರಹಾವಿನ ನರವಿಷ ಈ ಗ್ರಾಹಕಗಳ ಮೇಲೆ ಕುಳಿತುಬಿಡುವುದು. ಅಂಚೆಯವನು ಕಾಗದ ತಂದಿದ್ದಾನೆ. ಬಾಗಿಲಿಗೆ ಬೇರೆ ಯಾರೋ ಅಡ್ಡ ನಿಂತಿದ್ದಾರೆ! ಆಗ ವೈದ್ಯರು ಪ್ರತಿವಿಷದೊಂದಿಗೆ, ಆ ಕಿಣ್ವವನ್ನು ತಡೆಯುವ ನಿಯೋಸ್ಟಿಗ್ಮಿನ್ ಎಂಬ ಮದ್ದನ್ನೂ ಕೊಡುವುದುಂಟು. ಅಸಿಟೈಲ್‌ಕೋಲಿನ್ ಒಡೆಯದೆ ಉಳಿದು ವಿಷದೊಡನೆ ಸೆಣಸುವುದು.

ಕಟ್ಟುಹಾವಿನದು ಇನ್ನೂ ಕೆಟ್ಟ ಬಗೆ. ಅದರ ವಿಷ ನರದ ತುದಿಯನ್ನೇ ಹಾಳುಮಾಡುವುದು. ಪ್ರತಿವಿಷವು ರಕ್ತದಲ್ಲಿರುವ ವಿಷವನ್ನು ಹಿಡಿದೀತೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸಲಾರದು. ತುದಿ ತಾನಾಗಿ ಮತ್ತೆ ಚಿಗುರಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುವುವು. ಮೇಲಾಗಿ ಈ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ಕಚ್ಚಿದೆಡೆ ನೋವೂ ಊತವೂ ಅಷ್ಟಾಗಿ ಇರದು. ಬಳಿಕ ಬರುವ ಹೊಟ್ಟೆನೋವನ್ನು ಅಜೀರ್ಣವೆಂದು ಬಗೆದು ಕಾಲ ಕಳೆಯುವುದು ಸುಲಭ.

ಮೊದಲು ರೆಪ್ಪೆಗಳು ಜೋಲುವುವು. ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಉಗುಳು ನುಂಗಲಾಗದು. ಕೊನೆಗೆ ವಪೆಯೂ ಸೋತು ಉಸಿರು ಕಟ್ಟುವುದು. ಮನೆಯವರು ಇದನ್ನು ನಿದ್ರೆಯೆಂದೋ ಸಾವೆಂದೋ ತಿಳಿದುಬಿಡುವ ಅಪಾಯವಿದೆ. ಆದರೆ ವಿಷ ತಡೆದಿರುವುದು ಸ್ನಾಯುವನ್ನು, ಅರಿವನ್ನಲ್ಲ. ಉಸಿರಾಟ ಸಾಗುತ್ತಿರುವವರೆಗೆ, ರೆಪ್ಪೆ ಎತ್ತಲಾರದೆ ಬಿದ್ದಿರುವ ರೋಗಿಯು ಸುತ್ತಲಿನವರ ಅಳುವನ್ನೂ, ಆಸ್ಪತ್ರೆಗೋ ಮಂತ್ರವಾದಿಯ ಬಳಿಗೋ ಎಂಬ ಅವರ ಚರ್ಚೆಯನ್ನೂ ಕೇಳುತ್ತಿರಬಹುದು. ಮಂತ್ರದಿಂದ ವಪೆ ಆಡದು. ಆಸ್ಪತ್ರೆಯಲ್ಲಿ ಯಂತ್ರದ ಮೂಲಕ ಉಸಿರಾಡಿಸುತ್ತಿದ್ದರೆ, ನರ ಚೇತರಿಸಿಕೊಳ್ಳುವ ತನಕ ಜೀವ ಕಾಯಬಹುದು.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಅದೇ ತಿಂಗಳು, ಯಶವಂತಪುರದ ಬಳಿಯ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರೂ ಕೂಡಿ ರೂಪಿಸಿದ ಪ್ರತಿಕಾಯವೊಂದರ ವರದಿ ಪ್ರಕಟವಾಯಿತು. ಅದು ನಮ್ಮ ಗ್ರಾಹಕದಂತೆಯೇ ನಟಿಸಿ, ಅಲ್ಲಿ ಕೂರಬೇಕಾದ ವಿಷವನ್ನು ತನ್ನ ಮೇಲೆ ಎಳೆದುಕೊಳ್ಳುವುದು! ಪರೀಕ್ಷೆ ನಡೆದುದು ಇಲಿಗಳ ಮೇಲೆ. ಆಸ್ಪತ್ರೆಗಳಲ್ಲಿ ಈಗಲೂ ಕೊಡುವುದು ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷವನ್ನೇ.