ಹಂಸಗಳ ಹಾರಾಟವನ್ನು ಚಿತ್ರಿಸುವವರಿಗೆ

ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ, ಶೀತಕಾಲದಲ್ಲಿ ಮಂಜುಗಡ್ಡೆಯಾಗುವ ಕುಶ್ಶಾರೊ ಸರೋವರದ ಅಂಚಿನಲ್ಲಿ, ಬಿಸಿನೀರಿನ ಬುಗ್ಗೆಗಳ ದೆಸೆಯಿಂದ ಹೆಪ್ಪುಗಟ್ಟದೆ ಉಳಿಯುವ ನೀರನ್ನು ಆಶ್ರಯಿಸುವ ಹೂಪರ್ ಹಂಸಗಳ ಹಾರಾಟವನ್ನು ಸೆರೆಹಿಡಿಯಲೆಳಸುವ ಮಿತ್ರರು ಮೊದಲು ಅವುಗಳ ಕೊರಳನ್ನು ಗಮನಿಸತಕ್ಕದ್ದು. ಏಳುವ ಮುನ್ನ ಅವು ಪರಸ್ಪರ ಕೂಗುತ್ತ, ನೀಳವಾದ ಕತ್ತನ್ನು ಮೇಲಕ್ಕೂ ಕೆಳಕ್ಕೂ ಮತ್ತೆ ಮತ್ತೆ ತೂಗುತ್ತವೆ. ಆ ಸಂಕೇತಕ್ಕಾಗಿ ಕಾಯಬೇಕೇ ಹೊರತು, ಚಿತ್ರದಾಸೆಯಿಂದ ಬೆದರಿಸಿ ಎಬ್ಬಿಸುವುದು, ಚಳಿಯನ್ನು ಕಳೆಯಲೆಂದು ಅವು ಕೂಡಿಟ್ಟ ಕಸುವನ್ನು ಕಸಿದಂತೆಯೇ ಸರಿ. ಭಾರವಾದ ಈ ಪಕ್ಷಿಯು ಗಾಳಿಗೆ ಎದುರಾಗಿ, ನೀರಿನ ಮೇಲೆ ಪಾದಗಳನ್ನು ಬಡಿಯುತ್ತ ಬಹುದೂರ ಓಡಿದ ಬಳಿಕವೇ ಮೇಲೇಳುವುದರಿಂದ, ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತಲ್ಲಿ ಅದು ನಿಮ್ಮತ್ತಲೇ ಬರುವುದು. ಷಟರಿನ ವೇಗ ಸೆಕೆಂಡಿನ 1/2000 ಭಾಗದಷ್ಟಿರಲಿ. ಕಪ್ಪನೆಯ ಬೆಟ್ಟದ ಮುಂದೆ ಹಂಸವು ಹಾದುಹೋಗುವಾಗ ಬೆಳಕಿನ ಪ್ರಮಾಣವನ್ನು ಕೊಂಚ ತಗ್ಗಿಸದಿದ್ದರೆ, ಗರಿಗಳ ಸೂಕ್ಷ್ಮರೇಖೆಗಳೆಲ್ಲ ಬರಿಯ ಬಿಳುಪಿನಲ್ಲಿ ಅಳಿಸಿಹೋಗುವುವು.