ಏಳು ಸೇನೆ, ಒಂದು ಏಣಿ

ಸೇನೆಯ ಬಲವಿರುವುದು ಆಯುಧಗಳಲ್ಲಿ ಮಾತ್ರವಲ್ಲ. ಆಜ್ಞೆ ಮತ್ತು ವಿಧೇಯತೆಗಳ ಕ್ರಮಬದ್ಧವಾದ ಸಂಬಂಧದಲ್ಲಿ. ಸಾಮಾನ್ಯ ಸೈನಿಕನಿಂದ ಜನರಲ್‌ನವರೆಗೆ ಅದರ ಹುದ್ದೆಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಇರುತ್ತವೆ. ಕೆಳಗಿನವನು ಮೇಲಿನವನಿಗೆ ಸಲ್ಲಿಸುವ ವಂದನೆ ವ್ಯಕ್ತಿಗೆ ಸಲ್ಲುವುದಲ್ಲ. ಅವನ ಭುಜದ ಮೇಲಿನ ಲಾಂಛನ ಸೂಚಿಸುವ ಹೊಣೆಗಾರಿಕೆಗೆ ಸಲ್ಲುವುದು. ಶಿಕ್ಷಣ, ಅನುಭವ, ಧೈರ್ಯಗಳುಳ್ಳ ಯಾರು ಬೇಕಾದರೂ ಮೇಲೇರಬಹುದೆಂಬ ನಂಬಿಕೆಯೇ ಆ ಏಣಿಗೆ ಆಧಾರ. ಈ ನಂಬಿಕೆಯನ್ನು ಕಳೆದುಕೊಂಡ ಸೇನೆಯ ಗತಿ ಏನಾಗುತ್ತದೆ? ಈ ಪ್ರಶ್ನೆಗೆ ದಕ್ಷಿಣ ಆಫ್ರಿಕಾದ ಇತಿಹಾಸ ಉತ್ತರ ನೀಡುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಆ ದೇಶದ 70,000ಕ್ಕೂ ಹೆಚ್ಚು ಕರಿಯರು ಸೇನೆಯ ಸೇವೆಗೆ ಸೇರಿದರು. ಆದರೆ ನಿಯಮದಂತೆ ಅವರ ಕೈಗೆ ಬಂದೂಕು ಬರಲಿಲ್ಲ. ಕಾವಲಿಗೆ ನಿಂತವರು ಈಟಿ, ದೊಣ್ಣೆಗಳನ್ನು ಹಿಡಿದರು. ಉಳಿದವರು ಲಾರಿ ನಡೆಸಿದರು, ಗಾಯಾಳುಗಳನ್ನು ಹೊತ್ತರು. ಅವರಲ್ಲಿ ಜಾಬ್ ಮಸೆಕೊ ಎಂಬಾತ ಲ್ಯಾನ್ಸ್ ಕಾರ್ಪೊರಲ್, ಅಂದರೆ ಏಣಿಯ ಕೆಳಗಿನ ಮೆಟ್ಟಿಲಿನವನು. 1942ರಲ್ಲಿ ಉತ್ತರ ಆಫ್ರಿಕಾದ ಟೊಬ್ರುಕ್ ನಗರ ಶತ್ರುವಶವಾದಾಗ ಅವನು ಸೆರೆಸಿಕ್ಕಿದನು. ಬಂದರಿನಲ್ಲಿ ಸರಕು ಹೊರುವ ಕೆಲಸಕ್ಕೆ ಹಚ್ಚಲ್ಪಟ್ಟ ಅವನು ಸಣ್ಣದೊಂದು ಡಬ್ಬಿಯಲ್ಲಿ ಸಿಡಿಮದ್ದನ್ನು ತುಂಬಿ, ಪೆಟ್ರೋಲ್ ಪೀಪಾಯಿಗಳ ನಡುವೆ ಅಡಗಿಸಿಟ್ಟು, ಜರ್ಮನರ ಹಡಗೊಂದನ್ನು ಮುಳುಗಿಸಿದನು. ಈ ಸಾಹಸಕ್ಕೆ ಅವನಿಗೆ 'ಮಿಲಿಟರಿ ಮೆಡಲ್' ಲಭಿಸಿತು. ಆದರೆ ಅಧಿಕಾರಿಯಾಗುವ ದಾರಿ ಮಾತ್ರ ಅವನಂಥವರಿಗೆ ತೆರೆದಿರಲಿಲ್ಲ. ಅವನ ಎದೆಗೆ ಪದಕ ಏರಬಹುದಾಗಿತ್ತು. ಭುಜಕ್ಕೆ ಅಧಿಕಾರಿಯ ನಕ್ಷತ್ರ ಏರುವಂತಿರಲಿಲ್ಲ.

1948ರಲ್ಲಿ ನ್ಯಾಷನಲ್ ಪಕ್ಷವು ಅಧಿಕಾರಕ್ಕೆ ಬಂದು ವರ್ಣಭೇದವನ್ನೇ ರಾಜ್ಯನೀತಿಯನ್ನಾಗಿ ಮಾಡಿತು. ಬ್ರಿಟಿಷರಿಂದ ಬಂದ ಸೇನಾ ಹುದ್ದೆಗಳಿಗೂ ಹೊಸ ರೂಪ ಬಂದಿತು. ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ 'ಕಮಾಂಡೆಂಟ್' ಎಂದು ಹೆಸರಾಯಿತು. ಹಿಂದೆ ಡಚ್ ಮೂಲದ ಬೋಯರ್ ರೈತರು ಕಟ್ಟಿಕೊಂಡಿದ್ದ ಕುದುರೆ ದಂಡುಗಳ ನಾಯಕನ ಹೆಸರದು. ಹಿರಿಯ ಅಧಿಕಾರಿಗಳ ಲಾಂಛನದಲ್ಲಿದ್ದ ಬ್ರಿಟಿಷ್ ಕಿರೀಟದ ಸ್ಥಾನದಲ್ಲಿ, ಕೇಪ್‌ಟೌನಿನ ಐದು ಮೂಲೆಗಳ ಹಳೆಯ ಕೋಟೆಯ ಆಕೃತಿ ಬಂದಿತು. ಹೀಗೆ ಹೆಸರು, ಚಿಹ್ನೆಗಳೆಲ್ಲವೂ ಬಿಳಿಯರ ಇತಿಹಾಸವನ್ನೇ ಸಾರಿದವು. 1967ರ ಕಾಯಿದೆಯು ಬಿಳಿಯ ತರುಣರೆಲ್ಲರಿಗೂ ಸೈನಿಕ ಸೇವೆಯನ್ನು ಕಡ್ಡಾಯಗೊಳಿಸಿತು.

ಯುದ್ಧಗಳು ಬೆಳೆದಂತೆ ಬಿಳಿಯರ ಸಂಖ್ಯೆಯೊಂದೇ ಸಾಲದಾಯಿತು. ಎಪ್ಪತ್ತರ ದಶಕದಲ್ಲಿ ಕರಿಯರಿಗೆಂದು 21ನೆಯ ಬೆಟಾಲಿಯನ್ ರೂಪುಗೊಂಡಿತು. ಭಾರತೀಯ ಮೂಲದ ತರುಣರಿಗಾಗಿ ಡರ್ಬನ್ನಿನಲ್ಲಿ ನೌಕಾ ತರಬೇತಿ ಕೇಂದ್ರವೊಂದು ತೆರೆಯಿತು. ಅದಕ್ಕಿಟ್ಟ ಹೆಸರು 'ಜಲಸೇನಾ'. ಹೆಸರಿನಲ್ಲಿ ಭಾರತದ ನುಡಿಗೆ ಗೌರವವಿತ್ತು. ವ್ಯವಸ್ಥೆಯಲ್ಲಿ ಬೇರ್ಪಡಿಸುವ ಬುದ್ಧಿಯೇ ಇತ್ತು.

ಈ ಬುದ್ಧಿ ಇನ್ನೂ ವಿಚಿತ್ರ ರೂಪವನ್ನು ತಾಳಿತು. ಕರಿಯರಿಗೆ ತಾಯ್ನಾಡಿನಲ್ಲಿ ಪೌರತ್ವವಿಲ್ಲವೆಂದು ಸಾಧಿಸಲು ಸರಕಾರವು ಅವರಿಗೆ ಬೇರೆಯೇ 'ದೇಶ'ಗಳನ್ನು ಸೃಷ್ಟಿಸಿತು. 1976ರಲ್ಲಿ ಟ್ರಾನ್ಸ್‌ಕೈ, 1977ರಲ್ಲಿ ಬೋಫುತತ್ಸ್ವಾನಾ, 1979ರಲ್ಲಿ ವೆಂಡಾ, 1981ರಲ್ಲಿ ಸಿಸ್ಕೈ ಸ್ವತಂತ್ರವೆಂದು ಘೋಷಿಸಲ್ಪಟ್ಟವು. ವಿಶ್ವಸಂಸ್ಥೆ ಇವನ್ನು ಮಾನ್ಯ ಮಾಡಲಿಲ್ಲ. ಆದರೂ ನಾಲ್ಕಕ್ಕೂ ಪ್ರತ್ಯೇಕ ಸೇನೆಗಳಿದ್ದವು. ಬ್ರಿಗೇಡಿಯರು, ಜನರಲ್ಲರೂ ಇದ್ದರು.

ಆ ಪದವಿಗಳ ನಿಜವಾದ ಬೆಲೆಯನ್ನು ಎರಡು ಘಟನೆಗಳು ತೋರಿಸುತ್ತವೆ. ರೊಡೇಷಿಯಾದ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ರಾನ್ ರೀಡ್-ಡೇಲಿ ಎಂಬ ಬಿಳಿಯ ಅಧಿಕಾರಿ, ಟ್ರಾನ್ಸ್‌ಕೈಗೆ ಬಂದು ಅಲ್ಲಿಯ ಸೇನೆಗೆ ಮೇಜರ್ ಜನರಲ್ ಆದನು. 'ಕರಿಯರ ದೇಶ'ದ ಏಣಿಯ ತುದಿಯಲ್ಲಿಯೂ ಬಿಳಿಯನೇ! 1987ರಲ್ಲಿ ಅವನೂ ಅವನ ಸಂಗಡಿಗರೂ ಅಲ್ಲಿಂದ ಹೊರಹೋಗಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಸೇನೆಯ ನಾಯಕ ಬಂಟು ಹೊಲೊಮಿಸಾ ರಾಜ್ಯಾಧಿಕಾರವನ್ನೇ ಕೈಗೆ ತೆಗೆದುಕೊಂಡನು. 1988ರ ಫೆಬ್ರವರಿಯಲ್ಲಿ ಬೋಫುತತ್ಸ್ವಾನಾದ ಸೈನಿಕರು ತಮ್ಮ ಅಧ್ಯಕ್ಷ ಲೂಕಸ್ ಮಂಗೋಪೆಯನ್ನು ಬಂಧಿಸಿದಾಗ, ದಕ್ಷಿಣ ಆಫ್ರಿಕಾದ ಸೇನೆ ನುಗ್ಗಿ ಬಂದು ಅವನನ್ನು ಕೂಡಲೇ ಪದವಿಯಲ್ಲಿ ಮರಳಿ ಕೂರಿಸಿತು. ಆ ಸ್ವಾತಂತ್ರ್ಯದ ಸೂತ್ರ ಯಾರ ಕೈಯಲ್ಲಿತ್ತೆಂಬುದು ಜಗತ್ತಿಗೆ ತಿಳಿದುಹೋಯಿತು.

ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದ ನಮೀಬಿಯಾದಲ್ಲಿಯೂ ಇದೇ ಕಥೆ. 1980ರಲ್ಲಿ ಅಲ್ಲಿ ಪ್ರಾದೇಶಿಕ ಸೇನೆಯೊಂದು ಹುಟ್ಟಿತು. ಓವಾಂಬೋಗಳಿಗೆ ಒಂದು ಬೆಟಾಲಿಯನ್, ಕವಾಂಗೋಗಳಿಗೆ ಇನ್ನೊಂದು ಎಂದು ಬುಡಕಟ್ಟುಗಳನ್ನು ಬೇರೆಬೇರೆಯಾಗಿಯೇ ಇಡಲಾಯಿತು. 1990ರ ಮಾರ್ಚ್ 21ರಂದು ಆ ನಾಡು ಸ್ವತಂತ್ರವಾಯಿತು.

1994ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಜನರೆಲ್ಲರೂ ಮೊದಲ ಬಾರಿಗೆ ಸಮಾನವಾಗಿ ಮತ ನೀಡಿದರು. ಆಗ ಹೊಸ ರಾಷ್ಟ್ರದ ಮುಂದೆ ಕಠಿಣವಾದ ಕಾರ್ಯವೊಂದು ನಿಂತಿತು. ಹಳೆಯ ಸರಕಾರದ ಸೇನೆ, ನಾಲ್ಕು 'ದೇಶ'ಗಳ ನಾಲ್ಕು ಸೇನೆಗಳು, ಅವುಗಳೊಡನೆ ವಿಮೋಚನೆಗಾಗಿ ಹೋರಾಡಿದ ಎರಡು ಗೆರಿಲ್ಲಾ ಪಡೆಗಳು - ಈ ಏಳೂ ಒಂದಾಗಬೇಕಾಗಿತ್ತು. ನಿನ್ನೆಯ ಶತ್ರುಗಳು ಒಂದೇ ಪಂಕ್ತಿಯಲ್ಲಿ ನಿಲ್ಲಬೇಕಾಗಿತ್ತು. ಗೆರಿಲ್ಲಾಗಳಲ್ಲಿ ಕ್ಯಾಪ್ಟನ್, ಮೇಜರ್ ಎಂಬ ಹುದ್ದೆಗಳಿರಲಿಲ್ಲ. ಕಾಡಿನಲ್ಲಿ, ಗಡಿಯಾಚೆಯ ಶಿಬಿರಗಳಲ್ಲಿ ಹಲವು ವರ್ಷ ಕಳೆದವನಿಗೆ ಯಾವ ಮೆಟ್ಟಿಲು ನ್ಯಾಯವಾದುದು? ಆಯ್ಕೆ ಮಂಡಲಿಗಳು ಪ್ರತಿಯೊಬ್ಬನ ಸೇವಾವಧಿ, ಶಿಕ್ಷಣ, ಹೊತ್ತ ಹೊಣೆಗಳನ್ನು ಪರಿಶೀಲಿಸಿದವು. ನ್ಯಾಯವಾಗಿ ನಡೆಯುವುದೇ ಎಂದು ನೋಡಲು ಬ್ರಿಟನ್ನಿನ ಸೈನಿಕ ತಂಡವೊಂದು ಬಂದಿತು. ಆದರೂ ಕಾರ್ಯ ಸುಗಮವಾಗಿ ಸಾಗಲಿಲ್ಲ. ವಿಳಂಬದಿಂದ ಬೇಸತ್ತ ಸಾವಿರಾರು ಮಾಜಿ ಗೆರಿಲ್ಲಾಗಳು ವಾಲ್‌ಮನ್ಸ್‌ಟಾಲ್ ಶಿಬಿರವನ್ನು ಬಿಟ್ಟು ಹೊರಟರು. ಅಧ್ಯಕ್ಷ ನೆಲ್ಸನ್ ಮಂಡೇಲಾ ತಾವೇ ಅಲ್ಲಿಗೆ ಹೋಗಿ ಅವರ ದೂರುಗಳನ್ನು ಆಲಿಸಿದರು. ಶಿಸ್ತು ಮೀರಿದವರಿಗೆ ಸೇನೆಯಲ್ಲಿ ಸ್ಥಾನವಿಲ್ಲವೆಂದೂ ಎಚ್ಚರಿಸಿದರು.

'ಕಮಾಂಡೆಂಟ್' ಪದ ಮರೆಯಾಗಿ ಲೆಫ್ಟಿನೆಂಟ್ ಕರ್ನಲ್ ಎಂಬ ಹೆಸರು ಮರಳಿತು. 1998ರಲ್ಲಿ, ಒಂದು ಕಾಲಕ್ಕೆ ಭೂಗತನಾಗಿ ಹೋರಾಡಿದ್ದ ಸಿಫಿವೆ ನ್ಯಾಂಡಾ ಇಡೀ ರಾಷ್ಟ್ರರಕ್ಷಣಾ ಪಡೆಯ ಮುಖ್ಯಸ್ಥನಾದನು. ಮಸೆಕೊ ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲಬೇಕಾಗಿದ್ದ ಏಣಿ ಅದು. ಅದರ ತುದಿಯನ್ನು ಅವನಂಥವನೇ ಒಬ್ಬನು ಮುಟ್ಟಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಲಾಂಛನವನ್ನು ಯಾವ ಸರಕಾರವೂ ಒಂದು ದಿನದಲ್ಲಿ ಹಂಚಬಲ್ಲದು. ಆ ಲಾಂಛನಕ್ಕೆ ಸಲ್ಲುವ ನಿಜವಾದ ಗೌರವ ಹುಟ್ಟುವುದು ನ್ಯಾಯದಿಂದ ಮಾತ್ರ.