ವಠಾರ ಕಳಿಸಿದ್ರೆ ತಲುಪೋದು ಚೀಟಿ ಮಾತ್ರ!

ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ನನಗಾದ ಫಜೀತಿ ಇದು. ಐದು ಸಂಖ್ಯೆಗಳ ಒಂದು ಇಂಟ್ ಅರೇ: 10, 20, 30, 40, 50. ಅದನ್ನು ಫಂಕ್ಷನ್‌ಗೆ ಕಳಿಸಿ ಮೊತ್ತ ಕೇಳಿದೆ. 150 ಬರಬೇಕಿತ್ತು, ಬಂದದ್ದು 30. ಎರರ್ ಇಲ್ಲ. ಒಂದು ವಾರ್ನಿಂಗ್ ಇತ್ತು, ಆದ್ರೆ ವಾರ್ನಿಂಗ್ ಯಾರು ಓದ್ತಾರೆ?

ಎಷ್ಟು ಎಲಿಮೆಂಟ್ ಇವೆ ಅಂತ ತಿಳಿಯಲು, ಫಂಕ್ಷನ್ ಒಳಗೇ ಸೈಜ್‌ಆಫ್ ಬಳಸಿ ಅರೇಯ ಗಾತ್ರವನ್ನು ಒಂದು ಇಂಟ್‌ನ ಗಾತ್ರದಿಂದ ಭಾಗಿಸಿದ್ದೆ. ಮೇನ್‌ನಲ್ಲಿ ಈ ಲೆಕ್ಕ ಸರಿ: ಒಂದು ಇಂಟ್‌ಗೆ 4 ಬೈಟ್, ಐದಕ್ಕೆ 20, ಭಾಗಿಸಿದ್ರೆ 5. ಆದರೆ ಫಂಕ್ಷನ್ ಒಳಗೆ ಸೈಜ್‌ಆಫ್ ಹೇಳಿದ್ದು 8. ಅದನ್ನು 4ರಿಂದ ಭಾಗಿಸಿದ್ರೆ 2. ಲೂಪ್ ಎರಡೇ ಸಲ ತಿರುಗಿ, 10 ಮತ್ತು 20 ಕೂಡಿಸಿ ಸುಮ್ಮನಾಯ್ತು.

ಆ 8 ಎಲ್ಲಿಂದ ಬಂತು? 64 ಬಿಟ್ ಕಂಪ್ಯೂಟರ್‌ಗಳಲ್ಲಿ ಪಾಯಿಂಟರ್‌ನ ಗಾತ್ರ 8 ಬೈಟ್. ಅಂದ್ರೆ ಫಂಕ್ಷನ್ ಕೈಗೆ ಸಿಕ್ಕಿದ್ದು ಅರೇ ಅಲ್ಲ, ಪಾಯಿಂಟರ್!

ಅರೇ ಅಂದ್ರೆ ಸಾಲಾಗಿ ಮನೆಗಳಿರುವ ಒಂದು ವಠಾರ ಅಂದ್ಕೊಳ್ಳಿ. ಫಂಕ್ಷನ್‌ಗೆ ವಠಾರವನ್ನೇ ಹೊತ್ತು ಕೊಡೋದಿಲ್ಲ; ಮೊದಲ ಮನೆಯ ವಿಳಾಸ ಬರೆದ ಚೀಟಿ ಕೊಡ್ತೀವಿ. ಆ ಚೀಟಿ ನೋಡಿ ಎಷ್ಟು ಮನೆ ಇವೆ ಅಂತ ಹೇಳೋಕಾಗಲ್ಲ. ಪ್ಯಾರಾಮೀಟರ್‌ನ ಚೌಕ ಕಂಸದಲ್ಲಿ 5 ಅಂತ ಬರೆದರೂ, 100 ಅಂತ ಬರೆದರೂ, ಖಾಲಿ ಬಿಟ್ಟರೂ ಕಂಪೈಲರ್‌ಗೆ ಅದು ಇಂಟ್ ಪಾಯಿಂಟರ್ ಅಷ್ಟೇ.

ಇದರಿಂದ ನೆನಪಿಡಬೇಕಾದ್ದು ಮೂರು:

1. ಎಲಿಮೆಂಟ್‌ಗಳ ಸಂಖ್ಯೆಯನ್ನು ಮೇನ್‌ನಲ್ಲೇ ಲೆಕ್ಕ ಹಾಕಿ, ಎರಡನೇ ಪ್ಯಾರಾಮೀಟರ್ ಆಗಿ ಕಳಿಸಿ.

2. ಫಂಕ್ಷನ್ ಒಳಗೆ ಎಲಿಮೆಂಟ್ ಬದಲಿಸಿದ್ರೆ ಮೇನ್‌ನಲ್ಲಿರುವ ಅರೇಯೇ ಬದಲಾಗುತ್ತೆ. ಚೀಟಿ ನಕಲಾದರೂ ಮನೆ ಒಂದೇ ಅಲ್ವಾ? ಬದಲಿಸೋ ಉದ್ದೇಶ ಇಲ್ಲದಿದ್ರೆ ಪ್ಯಾರಾಮೀಟರ್‌ಗೆ ಕಾನ್ಸ್ಟ್ ಸೇರಿಸಿ.

3. ಎರಡು ಆಯಾಮದ ಅರೇಯಲ್ಲಿ ಸಾಲುಗಳ ಸಂಖ್ಯೆ ಬಿಡಬಹುದು, ಕಾಲಮ್‌ಗಳದ್ದು ಬಿಡುವಂತಿಲ್ಲ. ಮುಂದಿನ ಸಾಲಿಗೆ ಹೋಗಲು ಎಷ್ಟು ಬೈಟ್ ದಾಟಬೇಕು ಅನ್ನೋದು ಕಂಪೈಲರ್‌ಗೆ ಗೊತ್ತಾಗೋದು ಅದರಿಂದಲೇ.

ಹಾಗಂತ ಅರೇ, ಪಾಯಿಂಟರ್ ಎರಡೂ ಒಂದೇ ಅಂತ ವೈವಾದಲ್ಲಿ ಹೇಳಿಬಿಡಬೇಡಿ. ಮೇನ್‌ನಲ್ಲಿ ಬಂದ ಆ 20, ಅವು ಬೇರೆ ಬೇರೆ ಅನ್ನೋದಕ್ಕೆ ಸಾಕ್ಷಿ. ಫಂಕ್ಷನ್‌ಗೆ ಕಳಿಸುವಾಗ ಅರೇಯ ಹೆಸರು ಮೊದಲ ಎಲಿಮೆಂಟ್‌ನ ಪಾಯಿಂಟರ್ ಆಗಿ ಬದಲಾಗುತ್ತೆ, ಅಷ್ಟೇ.

ಕೊನೆಗೊಂದು ಪ್ರಶ್ನೆ: ಮೇನ್‌ನಲ್ಲಿ ಅರೇಯ ಹೆಸರಿಗೆ ಪ್ಲಸ್ ಪ್ಲಸ್ ಹಾಕಿದ್ರೆ ಎರರ್ ಬರುತ್ತೆ. ಫಂಕ್ಷನ್ ಒಳಗೆ ಅದೇ ಪ್ಯಾರಾಮೀಟರ್‌ಗೆ ಹಾಕಿದ್ರೆ ಬರಲ್ಲ. ಯಾಕೆ? ಚೀಟಿಯನ್ನು ತಿದ್ದಬಹುದು, ವಠಾರವನ್ನು ಸರಿಸೋಕಾಗುತ್ತಾ? ಇವತ್ತೇ ಲ್ಯಾಬ್‌ನಲ್ಲಿ ಮಾಡಿ ನೋಡಿ. ವಾರ್ನಿಂಗ್ ಬಂದ್ರೆ ಈ ಸಲ ಓದಿ!